ಗಾಜಿನ ಬಾಣಂತನ

ಡೊರೀನ್ ಪರ್ವಿಸ್ ಅದನ್ನು ಕಂಬಳಿಯಲ್ಲಿ ಸುತ್ತಿ
ಬಸ್ಸಿನಲ್ಲಿ, ಮಡಿಲ ಮೇಲಿಟ್ಟುಕೊಂಡು ತಂದಳು,
ಹೆಂಡನ್ನಿನಿಂದ ವಿಯರ್ ನದಿ ದಾಟಿ ಈ ಶೆಡ್ಡಿನ ತನಕ.
ಮೀನಂಗಡಿಯ ಕಿಟಕಿ ಗಾಜು. ಮೂರು ತುಂಡು.
ಸಂಡರ್ಲೆಂಡಿನ ಆ ಬೀದಿಯಲ್ಲಿ ಅಂಗಡಿಯೇನೋ ಇದೆ,
ಒಳಗೀಗ ಉಗುರಿಗೆ ಬಣ್ಣ ಹಚ್ಚುತ್ತಾರೆ.

"ಉದ್ದನೆಯ ತಟ್ಟೆ ಮಾಡಿಕೊಡು.
ನಡುವೆ ನೀಲಿ ಇರಲಿ, ಅವನ ಏಪ್ರನ್ನಿನ ನೀಲಿ.
ಮತ್ತೆ, ಒರೆಸಬೇಡ."

ಎರಡೂ ಆಗದ ಮಾತು.

ನೀಲಿಯದು ಮೊದಲು.
ಕಾವಿನಲ್ಲಿ ಗಾಜಿಗೂ ಗಾಜಿಗೂ ಜಗಳವಿಲ್ಲ;
ಎಂಟುನೂರ ಮೂವತ್ತು ಡಿಗ್ರಿಯಲ್ಲಿ
ಹೊಸ ಬೀಗರ ಹಾಗೆ ತಬ್ಬಿಕೊಳ್ಳುತ್ತವೆ.
ಆರುವಾಗ ತಿಳಿಯುವುದು ಯಾರು ಎಷ್ಟು ಕುಗ್ಗುವವರೆಂದು.
ಗೊತ್ತಿದ್ದೂ, ಅವಳ ಮುಖ ನೋಡಿ,
ಕೊಂಡು ತಂದ ನೀಲಿಯ ಒಂದು ಪಟ್ಟಿ ಇಟ್ಟೆ.
ಹೊರಬಂದಾಗ ಎಷ್ಟು ಚೆಂದವಿತ್ತೆಂದರೆ
ಕಲಿತದ್ದು ಸುಳ್ಳೇನೋ ಅನಿಸಿತು.
ನಾಲ್ಕನೆಯ ರಾತ್ರಿ, ಯಾರೂ ಮುಟ್ಟದೆ, ಹಲಗೆಯ ಮೇಲೆ
ಟಣ್.
ನೀಲಿಯ ಗುಂಟ, ದಾರ ಹಿಡಿದು ಕೊಯ್ದಷ್ಟು ನೇರ.

ಫೋನಿನಲ್ಲಿ ಹೇಳಿದೆ. "ಬಿಡು," ಅಂದಳು,
"ಆ ನೀಲಿ ಯಾವುದಕ್ಕೂ ಹೊಂದುತ್ತಿರಲಿಲ್ಲ.
ಒಟ್ಟಿಗೆ ಒಗೆದರೆ ನನ್ನ ಬಿಳಿ ಬಟ್ಟೆಯೆಲ್ಲ ಹಾಳು."

ಉಳಿದದ್ದು ಎರಡು ತುಂಡು.

ದೀಪ ಓರೆ ಹಿಡಿದೆ. ಆಗ ಕಂಡವು:
ಸೊಂಟದೆತ್ತರದಲ್ಲಿ ಮಕ್ಕಳು ಮೂಗೊತ್ತಿದ ಗುರುತು,
ವಿನೆಗರಿನ ಚುಕ್ಕಿ, ಅರ್ಧ ಅಳಿಸಿದ ಸುಣ್ಣದ ಬೆಲೆ,
ಒಳಮಗ್ಗುಲಲ್ಲಿ, ಬರೆಯಲು ಬಗ್ಗಿದವನು
ಊರಿದ್ದಿರಬಹುದಾದ ಅಂಗೈ.

ಕುಲುಮೆಗೆ ಇವು ಸೇರವು.
ಬೆರಳ ಜಿಡ್ಡು ಉಳಿದಲ್ಲಿ ಹೊಳಪು ಸತ್ತು
ಆರಿದ ಹಾಲಿನಂತೆ ಕೆನೆಗಟ್ಟುತ್ತದೆ ಗಾಜು.
ನಮ್ಮ ಕಸುಬಿನಲ್ಲಿ ಅದು ರೋಗ.
ಎರಡು ಸಲ ತೊಳೆಯಿರಿ, ಅಂಚಿನಲ್ಲೇ ಹಿಡಿಯಿರಿ ಎಂದು
ಸೋಮವಾರದ ಕ್ಲಾಸಿನವರಿಗೆ ದಿನವೂ ಗದರುವವಳು ನಾನು.

ಒರೆಸಿದೆ. ಸ್ಪಿರಿಟ್ಟು, ನೂಲು ಬಿಡದ ಅರಿವೆ.
ಮೂವತ್ತೊಂದು ವರ್ಷ
ಒಂದು ಅರಿವೆಗೆ ಬಂತು, ಬೂದು ಬಣ್ಣದಲ್ಲಿ.
ಒಂದು ಮೂಲೆಗೆ ಬಂದಾಗ ಕೈ ನಿಂತಿತು.
ಗೇಣಗಲ ಬಿಟ್ಟೆ.

ಆಮೇಲಿನದು ಕರಗಿಸುವ ಕೆಲಸವಲ್ಲ, ಕಾಯುವ ಕೆಲಸ.
ಕೆಂಪಗೆ ಸಡಿಲಗೊಂಡು ಅಚ್ಚಿನ ತಗ್ಗಿಗೆ ಇಳಿದ ಮೈಯನ್ನು
ಐನೂರ ಐವತ್ತಕ್ಕೆ ತಂದು ಅಲ್ಲೇ ನಿಲ್ಲಿಸಬೇಕು,
ಒಳಗೂ ಹೊರಗೂ ಒಂದೇ ಹದ ಬರುವ ತನಕ.
ಅಜ್ಜಿಯರಿದ್ದಿದ್ದರೆ ಬೇಗ ಅರ್ಥವಾಗುತ್ತಿತ್ತು:
ಬಾಗಿಲು ತೆಗೆಯಬೇಡ, ಗಾಳಿ ತಾಗಿಸಬೇಡ,
ಹೆತ್ತ ಮೈ, ಬಿಸಿಯಲ್ಲಿರಲಿ.
ಗಂಟೆಗೆ ಇಷ್ಟೇ ಡಿಗ್ರಿ ಎಂದು ಇಳಿಸುತ್ತಾ
ಹೊರಗೆ ಇಲ್ಲಿಯವರು ಫ್ರೆಟ್ ಎನ್ನುವ ಕಡಲ ಮಂಜು
ದೋಣಿ, ಕ್ರೇನು, ನನ್ನ ಸೈಕಲ್ಲು ಎಲ್ಲ ನುಂಗಿದ ರಾತ್ರಿ
ಟೀ ಕಾಸಿಕೊಂಡು ಪೆಟ್ಟಿಗೆಗೆ ಬೆನ್ನಾನಿಸಿ ಕೂತೆ.
ಬಾಣಂತಿಯ ಕೋಣೆಯಲ್ಲಿ
ಬೆಚ್ಚಗಾಗುವವರು ನೋಡಿಕೊಳ್ಳುವವರೂ.

ಬುಧವಾರ ಬಂದಳು. ಕನ್ನಡಕ ಹಾಕಿಕೊಂಡು
ಕಿಟಕಿಯತ್ತ ಎತ್ತಿ ಹಿಡಿದಳು.
ಅಂಚಿನಲ್ಲಿ ಕಡಲ ಹಸಿರು. ಮೂಲೆಯಲ್ಲಿ ಮಬ್ಬು.
"ಇದು ಅವನದಾ?"
"ಗೊತ್ತಿಲ್ಲ. ಯಾವುದೋ ಮಗುವಿನದೂ ಇರಬಹುದು.
ಇಷ್ಟು ವರ್ಷದ್ದರಲ್ಲಿ..."

"ಎಷ್ಟು ವರ್ಷ?" ನಕ್ಕಳು.
"ದಿನಾ ಬೆಳಿಗ್ಗೆ ಆರಕ್ಕೆ ಆ ಗಾಜು ಒರೆಸುತ್ತಿದ್ದದ್ದು ಯಾರು ಅಂದುಕೊಂಡೆ?
ಇದು ಕೊನೆಯ ಶನಿವಾರದ್ದು ಮಾತ್ರ.
ಭಾನುವಾರ ನಾನು ಒರೆಸಲಿಲ್ಲ."

ಅಂದವಳೇ ಮೂಲೆಗೆ ಹಾ ಎಂದು ಉಸಿರು ಬಿಟ್ಟು
ತೋಳಿನ ತುದಿಯಿಂದ ಎರಡು ಸುತ್ತು ತಿಕ್ಕಿದಳು.
ಉಸಿರು ಹೋಯಿತು.
ಮಬ್ಬು ಇದ್ದಲ್ಲೇ ಇತ್ತು.

ಇನ್ನೊಮ್ಮೆ ತಿಕ್ಕಿದಳು, ಸ್ವಲ್ಪ ಜೋರಾಗಿ,
ಆಮೇಲೆ ಕಂಬಳಿ ಕೇಳಿದಳು,
ಬಸ್ಸು ಎಷ್ಟಕ್ಕೆ ಅಂದಳು.