ತೋರುಬೆರಳು

ಅನಿಲ ತುಂಬುತ್ತಿದ್ದ ಆ ದೊಡ್ಡ ಕಬ್ಬಿಣದ ಡಬ್ಬಿ ಇದ್ದಲ್ಲಿ
ಈಗ ಬರ್ಮಿಂಗ್‌ಹ್ಯಾಮಿನ ಆಕಾಶ, ಅದೂ ಮಾರಾಟಕ್ಕೆ:
'ಕಾಲುವೆಗೆ ಮುಖ ಮಾಡಿದ ಎರಡು ಕೋಣೆಯ ಮನೆಗಳು,
ಮುಂದಿನ ವಸಂತಕ್ಕೆ' ಎನ್ನುತ್ತದೆ ಬೇಲಿಯ ಫಲಕ.
ಫಲಕದಲ್ಲಿ ನಗುವ ದಂಪತಿಗೆ ಕಾಲಿಲ್ಲ,
ಅಲ್ಲಿ ಯಾರೋ ಸೈಕಲ್ ಒರಗಿಸಿದ್ದಾರೆ.

ಶನಿವಾರ ಟ್ರೈಪಾಡ್ ಹೊತ್ತು ಬರುತ್ತೇನೆ.
ಉಳಿದ ದಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಜನರ ಎದೆಗೂಡಿನ ಚಿತ್ರ ತೆಗೆಯುವವಳು:
ಗಲ್ಲ ಮೇಲೆ, ಭುಜ ಮುಂದೆ,
ಉಸಿರು ಎಳೆಯಿರಿ, ಹಿಡಿಯಿರಿ.
ಇಲ್ಲಿ ನನ್ನದು ಒಂದೇ ಪ್ರಶ್ನೆ:
ಟ್ಯಾಂಕಿನ ತಲೆ ಎಲ್ಲಿಯವರೆಗಿತ್ತು, ಬೆರಳು ಮಾಡಿ ತೋರಿಸಿ.
ಹನ್ನೊಂದು ಸೆಕೆಂಡು. ಮುಖ ಬೇಡ.
ಮೊಣಕೈಯಿಂದಾಚೆ ಕೈ, ಬೆರಳು, ಬರಿ ಆಕಾಶ.

ಕ್ಷೌರದಂಗಡಿಯ ಗುಲ್ಫರಾಜ್ ಬಾಚಣಿಗೆಯಲ್ಲೇ ತೋರಿಸಿದ,
ಚರ್ಚಿನ ಮೊನೆಗಿಂತ ಒಂದು ಗೇಣು ಮೇಲೆ.
ಯೂನಿಸ್ ಬ್ಲ್ಯಾಕ್‌ವುಡ್, ಎಂಬತ್ತೊಂದು, ಕೈಗವಸು ಬಿಚ್ಚಿ
ತನ್ನ ಮೂಗಿನ ನೇರಕ್ಕೆ: 'ಇಷ್ಟೇ ಮಗಳೇ,
ಅಡುಗೆಮನೆಯಿಂದ ನನಗೆ ಅದರಾಚೆಯ ರೈಲು ಕಾಣುತ್ತಿತ್ತು.'
ಬೊಝೆನಾ ಈ ಊರಿಗೆ ಬಂದಾಗ ಅದು ಖಾಲಿ, ಕಂಬಗಳ ಪಂಜರ;
ಅವಳ ಬೆರಳು ನೆಲಕ್ಕೆ, ಹುಲ್ಲಿಗೆ.
ಕಾಲುವೆಯಲ್ಲಿ ಗಾಳ ಹಾಕುವ ಹುಡುಗ ಕೈರನ್
ಅದನ್ನು ನೋಡಿದವನೇ ಅಲ್ಲ,
ಆದರೂ ತೋರಿಸಿದ, ಧೈರ್ಯವಾಗಿ, ಎಲ್ಲರಿಗಿಂತ ಎತ್ತರಕ್ಕೆ.

ಅಜ್ಜಿ ಹೇಳುತ್ತಿದ್ದಳು, ಎಳೆಗುಂಬಳಕ್ಕೆ ಬೆರಳು ಮಾಡಬೇಡ,
ಕೊಳೆಯುತ್ತದೆ; ತೋರಲೇಬೇಕೆಂದರೆ ಮಡಿಸಿ ತೋರು.
ಇಲ್ಲಿ ಕೊಳೆಯಲು ಏನೂ ಉಳಿದಿಲ್ಲ.
ಆದರೂ ನನ್ನ ಸರದಿಗೆ
(ನಾನು ಕಂಡದ್ದು ಬಸ್ಸಿನ ಬೆವರಿದ ಗಾಜಿನಲ್ಲಿ,
ಅಂಗೈಯಲ್ಲಿ ಒರೆಸಿದಷ್ಟು)
ಬೆರಳು ತಾನಾಗಿ ಮಡಚಿಕೊಂಡಿತು.

ರಾತ್ರಿ ಮೂವತ್ತೇಳು ತುಣುಕುಗಳನ್ನು
ಒಂದರ ಮೇಲೊಂದು ಹಾಸಿದೆ.
ಒಂದೂ ಕೂಡಲಿಲ್ಲ. ಪರದೆ ಮುಳ್ಳುಹಂದಿ.
ಒಪ್ಪುತ್ತೇನೆ, ಸ್ವಲ್ಪ ಖುಷಿಯೇ ಆಯಿತು:
'ನೆನಪಿನ ಸುಳ್ಳು' ಎಂದು ಶೀರ್ಷಿಕೆ ಕೊಟ್ಟು
ಊಟ ಮಾಡಿ ಮಲಗಿದೆ.

ಮುಂದಿನ ವಾರ ಡೆನ್ಸಿಲ್ ಹ್ಯಾಡ್ಲಿ ಬಂದ,
ಅನಿಲದ ಕಂಪನಿಯಲ್ಲಿ ಕವಾಟ ತಿರುಗಿಸಿ ಸವೆದ ಅಂಗೈ.
ಬೆರಳನ್ನು ಒಂದೆಡೆ ನಿಲ್ಲಿಸಲೇ ಇಲ್ಲ.
ಕೆಳಗಿಂದ ಮೇಲೆ, ಮೇಲಿಂದ ಕೆಳಗೆ, ನಿಧಾನ,
ಒಲೆಯ ಮೇಲಿನ ಹಾಲಿಗೆ ಕಾವಲು ನಿಂತವನ ಹಾಗೆ.
ಕೈ ಅಲುಗಿಸಬೇಡಿ ಎಂದೆ. ನಕ್ಕ.
'ಅದೇ ಅಲುಗುತ್ತಿತ್ತು ಕಣಮ್ಮ. ರಾತ್ರಿಯಿಡೀ ತುಂಬಿ ಏಳುತ್ತಿತ್ತು.
ಭಾನುವಾರ ಮಧ್ಯಾಹ್ನ ಊರೆಲ್ಲ ಮಾಂಸ ಬೇಯಿಸುವ ಹೊತ್ತಿಗೆ
ಕೂತುಬಿಡುತ್ತಿತ್ತು, ಹಸು ಕೂತ ಹಾಗೆ.
ಚಳಿಗಾಲದ್ದು ಕೇಳಲೇಬೇಡ.
ಎತ್ತರ ಅಂತ ಅದಕ್ಕೆ ಇರಲಿಲ್ಲ. ಹೊತ್ತು ಇತ್ತು.'

ಹಾಗಾದರೆ ಗುಲ್ಫರಾಜ್ ಕಂಡದ್ದು ನಸುಕಿನ ನಮಾಜಿಗೆ ಹೋಗುತ್ತ.
ಯೂನಿಸ್, ಚರ್ಚಿನಿಂದ ಬಂದು ಒಲೆ ಹಚ್ಚಿ,
ತಾನೇ ಅದನ್ನು ಇಳಿಸುತ್ತ ಇಳಿಸುತ್ತ.

ಶೀರ್ಷಿಕೆ ಅಳಿಸಿದೆ.
ಒಂದರ ಮೇಲೊಂದಲ್ಲ, ಒಂದಾದ ಮೇಲೊಂದು,
ತಗ್ಗಿನ ಬೆರಳಿನಿಂದ ಎತ್ತರದ್ದಕ್ಕೆ ಪೋಣಿಸಿದೆ.
ಕೈರನ್‌ನದನ್ನು ಎಲ್ಲಿಡಲಿ? ಇಟ್ಟೆ ತುತ್ತತುದಿಗೆ,
ಯಾರ ಮನೆಯಲ್ಲೂ ಒಲೆ ಉರಿಯದ
ಒಂದು ರಾತ್ರಿ ಇದ್ದಿರಬಹುದು.
ಗುಂಡಿ ಒತ್ತಿದೆ.
ಬೊಝೆನಾಳ ಹುಲ್ಲಿನಿಂದ ಎದ್ದಿತು
ಏನೂ ಅಲ್ಲದ್ದೊಂದು, ದುಂಡಗೆ, ಭಾರವಾಗಿ,
ಗಂಟು ಕಟ್ಟಿದ ಬೆರಳು, ಬಣ್ಣ ಸುಲಿದ ಉಗುರು,
ಮದುವೆಯುಂಗುರದ ಬರಿ ಗುರುತು, ಬಾಚಣಿಗೆ,
ನನ್ನ ಮಡಚಿದ್ದು ನಡುವೆಲ್ಲೋ,
ಗುರುತಿಸುವಷ್ಟರಲ್ಲಿ ದಾಟಿತು.

ತುದಿ ಮುಟ್ಟಿ ನಿಂತಾಗ,
ಕತ್ತಲ ಕೋಣೆಯಲ್ಲಿ, ಅಭ್ಯಾಸಬಲ,
ಗಟ್ಟಿಯಾಗಿಯೇ ಹೇಳಿದೆ, ಯಾರಿಗೋ:
ಸರಿ. ಬಿಡಿ ಈಗ.