ಪೊಟ್ಟಣ ಸಂಖ್ಯೆ ೨೧೪

ಟಾರ್ಟು ಊರಿನ ನೆಲಮಾಳಿಗೆ. ಅಕ್ಟೋಬರ್. ಕಿಟಕಿಯಿಲ್ಲ.
ಹೆಲ್ವೆ ಟಾಮ್ ಒಂದು ಪೊಟ್ಟಣ ಬಿಡಿಸುತ್ತಾಳೆ:
ಹಳೆಯ ವೃತ್ತಪತ್ರಿಕೆಯ ಮಡಿಕೆ, ಒಳಗೆ
ಅರವತ್ತು ವರ್ಷದಿಂದ ಬಾಯಾರಿದ ಒಂದು ಹಿಡಿ ಕೆಂಪು ಹಾವಸೆ.
ಮೇಲೆ ಮೇಷ್ಟ್ರ ಕೈಬರಹ. ಒಂದೇ ಹೆಸರು,
ಸಂಶಯವಿಲ್ಲದ ಶಾಯಿ.

ಒಂದು ಹನಿ ನೀರು ಬಿಟ್ಟಳು.
ಕುಡಿಯಿತು. ಮೈಮುರಿದು ಎದ್ದು ಕೂತಿತು
ನಿನ್ನೆ ತಾನೆ ಕಿತ್ತಂತೆ.

ಪಕ್ಕದ ಕೋಣೆಯ ಯಂತ್ರ ಹೋದ ವಾರವೇ ಹೇಳಿಬಿಟ್ಟಿದೆ
ಈ ಹೆಸರು ಹೊತ್ತದ್ದು ಒಂದಲ್ಲ, ಎರಡು ಎಂದು.
ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದಾನುದ್ದ ಸಾಲು,
ಉಸಿರು ತೆಗೆಯಲು ಎಲ್ಲೂ ಜಾಗವಿಲ್ಲ;
ಮುನ್ನೂರ ಹನ್ನೆರಡನೆಯ ಮನೆಯಲ್ಲಿ
ಒಬ್ಬಳು 'ಎ' ಅಂದಿದ್ದಾಳೆ, ಇನ್ನೊಬ್ಬಳು 'ಜಿ'.
ಅಲ್ಲಿಂದಾಚೆ ಹತ್ತೊಂಬತ್ತು ಕಡೆ ಜಗಳ.
ಅಷ್ಟು ಸಾಕು ಎನ್ನುತ್ತದೆ ಯಂತ್ರ.

ಸಾಕೇ?
ಮೊಣಕಾಲುದ್ದ ಬೂಟು ತೊಟ್ಟು ಜೌಗಿಗಿಳಿದವಳಿಗೆ
ಕಣ್ಣಿಗೆ ಬೀಳುವ ಗುರುತು ಬೇಕು.
'ಬ'ದ ಹೊಟ್ಟೆ ಸೀಳಿದರೆ 'ಭ',
ನಾವು ಸ್ಲೇಟಿನ ಮೇಲೆ ಕಲಿತ ಕಸುಬು ಅದು.
ಅಂಥದೊಂದು ಸೀಳು ಇಲ್ಲೂ ಇರಲೇಬೇಕು
ಎಲೆಯ ತುದಿಯಲ್ಲೋ, ಕಾಂಡದ ಸಿಪ್ಪೆಯಲ್ಲೋ,
ನೀರು ತುಂಬಿಕೊಳ್ಳುವ ಸತ್ತ ಕೋಶದ
ಗೋಡೆಯ ತೂತಿನಲ್ಲೋ.

ಎಂಡೆಲ್‌ನನ್ನು ಕೇಳಿದಳು. ಎಂಬತ್ತೊಂದು ವರ್ಷ,
ಪೀಟ್ ಕಡಿದು ಕಡಿದು ಬಾಗಿದ ಬೆನ್ನು.
"ಎರಡು ತಾನೆ? ನಮ್ಮಮ್ಮನಿಗೇ ಗೊತ್ತಿತ್ತು.
ದಿಬ್ಬದ ಮೇಲಿನದು ಗೋಡೆಯ ಮರಗಳ ಸಂದಿಗೆ.
ಗುಂಡಿಯದು ಒಣಗಿಸಿ ದನದ ಕಾಲಡಿಗೆ."
ಆಸೆಪಟ್ಟು ಎರಡನ್ನೂ ತಂದಳು, ಅರೆದಳು.
ಯಂತ್ರ ಮೂರು ದಿನ ಯೋಚಿಸಿತು.

ಎಂಡೆಲ್‌ನ ಎರಡೂ ಒಂದೇ.
ಬಿಸಿಲಿಗೆ ಕೆಂಪಾದದ್ದು, ನೆರಳಿಗೆ ಹಸಿರಾದದ್ದು, ಅಷ್ಟೆ.
ನಿಜವಾದ ಇನ್ನೊಂದು ಬೆಳೆದಿತ್ತು
ಅವನು ಎಂದೂ ಲೆಕ್ಕಕ್ಕಿಡದ ಪೈನ್ ಮರದ ಬುಡದಲ್ಲಿ.
ಅರ್ಧ ಶತಮಾನ ಅದರ ಮೇಲೇ ಕೂತು
ರೈ ರೊಟ್ಟಿ ತಿಂದಿದ್ದ.

ಹೇಳಿದಾಗ ಎಂಡೆಲ್ ನಗಲಿಲ್ಲ.
ಕೈ ಒರೆಸಿಕೊಂಡು, "ನನ್ನ ಗೋಡೆಯಲ್ಲಿ
ಗಾಳಿ ನುಗ್ಗುವುದಿಲ್ಲ" ಎಂದ.

ಏಪ್ರಿಲ್‌ವರೆಗೂ ಕಣ್ಣು ಮಸೂರಕ್ಕೆ.
ನಾನೂರು ಎಲೆ, ನಾನೂರರ ತೂತು, ತೂತಿನ ಅಗಲ.
ಒಂದರದ್ದು ಹನ್ನೆರಡು, ಮತ್ತೊಂದರದ್ದು ಹದಿನೈದು,
ಪಟ್ಟಿಯಲ್ಲಿ ಬರೆಯಲು ಚೆಂದ.
ಹದಿಮೂರು ಹದಿನಾಲ್ಕರ ಬೆಂಚಿನಲ್ಲಿ ಮಾತ್ರ
ಇಬ್ಬರೂ ಒತ್ತಿಕೊಂಡು ಕೂತಿರುತ್ತಾರೆ,
ಕರೆದರೆ ಇಬ್ಬರೂ ಓಗೊಡುತ್ತಾರೆ.

ಕೊನೆಗೆ ಮತ್ತೆ ಮೇಷ್ಟ್ರ ಪೊಟ್ಟಣ.
ಚಿಮಟದಲ್ಲಿ ಎಳೆ ಎಳೆಯಾಗಿ ಬಿಡಿಸಿದಳು.
ಹನ್ನೊಂದು ಎಳೆ ಇದು, ಆರು ಅದು,
ಅದೇ ಹಿಡಿಯಲ್ಲಿ, ಒಂದರ ಕಂಕುಳಲ್ಲಿ ಒಂದು.
ಇನ್ನೆರಡು ಹದಿಮೂರೂವರೆ.
ಅರೆಯಲು ಮನಸ್ಸಾಗಲಿಲ್ಲ.

ಹೊಸ ಚೀಟಿ ಅಂಟಿಸಿದಳು, ಹಳೆಯ ಶಾಯಿ ಮುಚ್ಚದ ಹಾಗೆ.
ಎರಡು ಹೆಸರು, ತಾರೀಖು, ತನ್ನ ಸಹಿ,
ಪೆನ್ಸಿಲ್ಲಿನಲ್ಲಿ.
ದೀಪ ಆರಿಸಿ ಹೊರಟಳು.
ಪೊಟ್ಟಣ ಮೇಜಿನ ಮೇಲೆ ತೆರೆದೇ ಇದೆ.
ಇನ್ನೂ ಒದ್ದೆ, ಇವತ್ತು ಮಡಿಚುವಂತಿಲ್ಲ.