ಪುಟ ನೂರಹನ್ನೆರಡು

ಬರ್ಕಾದ ನೀರಿನ ಸ್ಟೇಷನ್ನಿನಲ್ಲಿ ನನ್ನ ಮುಂದೆ
ಹದಿನಾಲ್ಕು ನೀಲಿ ಟ್ಯಾಂಕರು.
ಒಂದೊಂದಕ್ಕೆ ಹನ್ನೆರಡು ನಿಮಿಷ. ಲೆಕ್ಕ ಹಾಕಿದರೆ
ನನಗೆ ಸಿಗುವುದು ಇಪ್ಪತ್ತು ಪುಟ.
ನಾನು ಬೆರಳಿಟ್ಟು ಓದುವವನು,
ಒತ್ತಕ್ಷರ ಬಂದರೆ ಬ್ರೇಕು ಹಾಕುವವನು.

ಪುಸ್ತಕ ನನ್ನದಲ್ಲ.
ಈ ಗಾಡಿಯನ್ನು ನನಗಿಂತ ಮೊದಲು ಓಡಿಸಿದವನು
ಸೀಟಿನಡಿ ಬಿಟ್ಟುಹೋದದ್ದು:
ಒಂಟಿ ಚಪ್ಪಲಿ, ಖಾಲಿ ಅತ್ತರಿನ ಸೀಸೆ, ಇದು.
ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೋ.
ಹದಿನೇಳನೇ ಪುಟದಿಂದ ಶುರು.
ಹೋದ ಹಾಳೆಗಳು ಎಲ್ಲಿಗೆ ಹೋದವೆಂದು
ಉಳಿದವುಗಳ ಅಂಚಿನ ಆಯಿಲ್ ಹೇಳುತ್ತದೆ,
ಇಂಜಿನ್ನಿನ ಕಡ್ಡಿ ಒರೆಸಿದ್ದಾನೆ ಪುಣ್ಯಾತ್ಮ.
ಅವನೂ ಓದಿದ್ದನೇ?
ನಲವತ್ತನೇ ಪುಟದಲ್ಲಿ ಪೆನ್ಸಿಲಿನ ಒಂದು ಗೆರೆ,
'ಅಂದು ಮೀನು ಅಗ್ಗವಿತ್ತು' ಎಂಬುದರ ಕೆಳಗೆ.
ಅದರಲ್ಲಿ ಏನು ಕಂಡನೋ!
ಗೆರೆ ನೋಡಿದ ದಿನ ಮಾತ್ರ
ಕ್ಯಾಬಿನ್ನಿನಲ್ಲಿ ಇಬ್ಬರಿದ್ದಂತಾಯಿತು.

ಕಥೆಯಲ್ಲಿ ಒಬ್ಬಳು ಹೆಂಗಸು, ಹೊಳೆ ಬದಿ ಚಾ ಮಾರುವವಳು.
ಕಡವಿನಲ್ಲಿ ದೋಣಿ. ದೋಣಿಯವ ಕರೆಯುತ್ತಿದ್ದಾನೆ.
ಹೊಸ್ತಿಲಲ್ಲಿ ಅವಳು, ಕೈಯಲ್ಲಿ ಚಿಮಣಿ.
ನೂರಹನ್ನೆರಡನೇ ಪುಟದ ಕೊನೆಯ ಸಾಲು:
'ಎಷ್ಟೋ ಹೊತ್ತಿನ ಮೇಲೆ ಅವಳು ದೀಪವನ್ನು ಆರಿಸಿ-'
ಆಮೇಲೆ ಹಾಳೆ ಇಲ್ಲ.
ನೂರಹದಿನೈದರಲ್ಲಿ ಬೇರೆ ಊರು, ಬೇರೆ ಜನ,
ಒಂದು ಎಮ್ಮೆ ವ್ಯಾಪಾರ.

ಆರಿಸಿ, ಏನು?
ಆರಿಸಿದಳೇ? ಕತ್ತಲು ಮಾಡಿ ದೋಣಿ ಹತ್ತಿದಳೇ?
ಆರಿಸಿಕೊಂಡಳೇ? ದೀಪವೇ ಸಾಕೆಂದು ಒಳಗೆ ಹೋದಳೇ?

ಏಳನೇ ಕ್ಲಾಸಿನಲ್ಲಿ ಜಲಜಾಕ್ಷಿ ಟೀಚರು ಕೇಳಿದ್ದರು,
"ಆರಿಸು: ಇದರ ನಾಲ್ಕು ಅರ್ಥ ಬರೆಯಿರಿ."
ಮನೆಯಲ್ಲಿ ಬ್ಯಾರಿ ಮಾತಾಡುವ ಹುಡುಗ, ಒಂದೇ ಬರೆದೆ: ನಂದಿಸು.
ಕಾಲು ಮಾರ್ಕು.
ಅಕ್ಕಿಯ ಕಲ್ಲು, ಬಿಸಿ ಚಾ, ಒದ್ದೆ ಬಟ್ಟೆ,
ಉಳಿದ ಮುಕ್ಕಾಲು ಸಿಕ್ಕಿದ್ದು
ಇಪ್ಪತ್ತಾರು ವರ್ಷ ತಡವಾಗಿ, ನಲವತ್ತೇಳು ಡಿಗ್ರಿಯಲ್ಲಿ,
ಗೇರು ನ್ಯೂಟ್ರಲ್ಲಿನಲ್ಲಿ.

ಹಿಂದಿನ ಗಾಡಿಯ ಗುಲ್ ಜರೀನ್
ಚಾ ಹಿಡಿದು ಬಂದು ದಿನಾ ಕೇಳುತ್ತಾನೆ,
ಆ ಹೆಂಗಸಿಗೆ ಏನಾಯಿತು?
ನನ್ನ ಹಿಂದಿ ಹರಕು. ಆ ಹರಕು ಹಿಂದಿಯಲ್ಲೂ
ನಂದಿಸುವುದಕ್ಕೆ ಒಂದು ಮಾತು, ಆಯುವುದಕ್ಕೆ ಇನ್ನೊಂದು.
ನಡುವೆ ನಿಲ್ಲಲು ಜಾಗವಿಲ್ಲ.
ಹೇಳಬೇಕಾದರೆ ನಾನೇ ಆರಿಸಬೇಕು.

ಸೋಮವಾರ ಅವಳನ್ನು ದೋಣಿ ಹತ್ತಿಸಿದೆ.
ಮಂಗಳವಾರ ಒಳಗೆ ಕರೆದು ಚಾಕ್ಕೆ ನೀರಿಡಿಸಿದೆ.
"ನಿನ್ನೆ ಬೇರೆ ಹೇಳಿದ್ದೆಯಲ್ಲ!" ರೇಗಿದ ಅವನು.
ನಿನ್ನೆ ನಾನೇ ಬೇರೆ, ಭಾಯಿ, ಎಂದೆ.
ಸುಳ್ಳು.
ನಿನ್ನೆ ಮಗಳು ಫೋನಿಗೆ ಬಾರದೆ ಆಡಲು ಓಡಿದ್ದಳು.
ಇವತ್ತೂ ಓಡಿದಳು. ಸಂಬಳ ಬಂದಿಲ್ಲ, ಎರಡನೇ ತಿಂಗಳು.
ಏನೂ ಬದಲಾಗಿಲ್ಲ,
ಒಂದು ಕ್ರಿಯಾಪದದ ಬಾಲ ಬಿಟ್ಟು.
ಆದರೂ ನಖಲ್ ರಸ್ತೆಯ ಏರಿನಲ್ಲಿ,
ಬೆನ್ನ ಹಿಂದೆ ಐದು ಸಾವಿರ ಗ್ಯಾಲನ್ ತುಳುಕುತ್ತಿರಲು,
ಸಿಳ್ಳೆ ಹಾಕುತ್ತಿದ್ದೆ.
ಯಾರೂ ಕೊಟ್ಟದ್ದಲ್ಲ ಆ ಸಿಳ್ಳೆ.

ಉಮ್ ಹಿಲಾಲ್ ಮನೆಯ ತೊಟ್ಟಿಗೆ ಪೈಪು ಇಳಿಸಿ
ನೆರಳಿಗೆ ಕೂತಾಗ ಮುದುಕಿ ಖರ್ಜೂರ ತಂದಳು,
ಪುಸ್ತಕದತ್ತ ಗಲ್ಲ ಎತ್ತಿದಳು. ತೋರಿಸಿದೆ.
ದುಂಡಗಿನ ಅಕ್ಷರಗಳ ಮೇಲೆ ಬೆರಳಾಡಿಸಿ ನಕ್ಕು
ತನ್ನ ಉಂಗುರ ತೋರಿಸಿದಳು.
ನೂರಹನ್ನೆರಡರ ಮೂಲೆಗೆ ಈಗ ಖರ್ಜೂರದ ಅಂಟು.

ನನ್ನ ನಂತರ ಈ ಗಾಡಿ ಓಡಿಸುವವನೇ,
ಪೆನ್ಸಿಲು ನನ್ನಲ್ಲೂ ಇತ್ತು.
ಆ ಅಡ್ಡಗೆರೆಯ ಮುಂದೆ ಏನೂ ಬರೆದಿಲ್ಲ.
ಚಪ್ಪಲಿ ಎಸೆದೆ. ಇದು ಸೀಟಿನಡಿಯೇ ಇರುತ್ತದೆ.

ರಾತ್ರಿ ರೂಮಿನಲ್ಲಿ, ಮೇಲಿನ ಮಂಚದಿಂದ ಸಿರಿಲ್:
"ಲೈಟ್ ಆರಿಸು ಮಾರಾಯ, ನಾಳೆ ನಾಲ್ಕಕ್ಕೆ ಡ್ಯೂಟಿ."
"ಆರಿಸಿದೆ" ಎಂದೆ.
"ಎಲ್ಲಿ? ಇನ್ನೂ ಉರೀತಾ ಉಂಟಲ್ಲ!"